ನವೀಕರಿಸುವವರಿಲ್ಲದ ವಿಳಾಸಗಳು

ಮೊಬೈಲಿನಲ್ಲಿ ‘ಹುಲ್ಲಹಳ್ಳಿ’ ಎಂದು ಬರೆದು ಹುಡುಕಿ ನೋಡಿ. ಬೆಂಗಳೂರಿನ ಬನ್ನೇರುಘಟ್ಟದ ಕಡೆ ಅದೇ ಹೆಸರಿನ ಇನ್ನೊಂದು ಊರಿದೆ. ಅಲ್ಲಿನ ಫ್ಲ್ಯಾಟು, ಸೈಟು, ವಿಲ್ಲಾಗಳ ಜಾಹೀರಾತು ಸಾಲಾಗಿ ಬಂದು ನಿಲ್ಲುತ್ತವೆ. ಅವನ್ನು ದಾಟಿದರೆ ಪಿನ್‌ಕೋಡ್ ಪುಟಗಳು, ಹವಾಮಾನದ ಪುಟಗಳು, 2011ರ ಜನಗಣತಿಯ ಅಂಕಿಗಳನ್ನು ಯಂತ್ರವೇ ವಾಕ್ಯ ಮಾಡಿ ಪೋಣಿಸಿಟ್ಟ ಪುಟಗಳು. ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ, ಕಪಿಲೆಗೆ, ಅಂದರೆ ಕಬಿನಿ ಹೊಳೆಗೆ ಅಣೆ ಕಟ್ಟಿ ನಾಲೆ ಎಳೆದುಕೊಂಡು ಭತ್ತ ಬೆಳೆಯುವ ಹುಲ್ಲಹಳ್ಳಿಯ ಬಗ್ಗೆ ಹುಲ್ಲಹಳ್ಳಿಯವರೇ ಬರೆದಿಟ್ಟ ಪುಟ ಮಾತ್ರ ಸುಲಭಕ್ಕೆ ಕೈಗೆ ಹತ್ತುವುದಿಲ್ಲ. ಇದು ಒಂದೇ ಊರಿನ ಪಾಡೂ ಅಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಯಾವ ಹಳ್ಳಿಯ ಹೆಸರು ಹಾಕಿದರೂ ಹೆಚ್ಚುಕಡಿಮೆ ಇದೇ ಅನುಭವ.

ಹಾಗೆಂದು ಊರು ಮಾತು ಬಿಟ್ಟಿದೆ ಎಂದುಕೊಳ್ಳಬೇಡಿ. ಮಾತು ಮೊದಲಿಗಿಂತ ಜಾಸ್ತಿಯೇ ಆಗಿದೆ. ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ಯಾರ ಮನೆಯಲ್ಲಿ ತಿಥಿ, ಯಾವ ಊರಿನಲ್ಲಿ ಕುರುಕ್ಷೇತ್ರ ನಾಟಕ, ಯಾರ ಹಸು ಕಳೆದಿದೆ, ಎಲ್ಲವೂ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹರಿಯುತ್ತಲೇ ಇರುತ್ತದೆ. ಕಷ್ಟ ಶುರುವಾಗುವುದು ಹಳೆಯದನ್ನು ಕೇಳಿದಾಗ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೊಳೆಗೆ ಭಾರೀ ನೀರು ಬಿಟ್ಟ 2018, 2019, 2024ರ ಮಳೆಗಾಲಗಳಲ್ಲಿ ಈ ದಡದ ಜನ ತೆಗೆದ ಫೋಟೊ, ವಿಡಿಯೊಗಳಿಗೆ ಲೆಕ್ಕವಿಲ್ಲ. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದನ್ನು ಫೋನು ಇದ್ದವರೆಲ್ಲ ತೆಗೆದಿದ್ದರು. 2019ರ ಆಗಸ್ಟಿನಲ್ಲಿ ನೀರು ನಮ್ಮ ಬೀದಿಯ ಯಾವ ಮನೆಯವರೆಗೆ ಬಂದಿತ್ತು ಎಂದು ಇವತ್ತು ಕೇಳಿ. ಪರಿಹಾರಕ್ಕೆ ಅರ್ಜಿ ಹಾಕುವವನಿಗೂ, ಹೊಳೆ ಪಕ್ಕ ಸೈಟು ಕೊಳ್ಳುವವನಿಗೂ, ಮನೆಗೆ ಪಾಯ ತೋಡುವವನಿಗೂ ಬೇಕಾದ ಮಾಹಿತಿ ಅದು. ಉತ್ತರ ಇರುವುದು ಯಾರದೋ ಹಳೆಯ ಫೋನಿನಲ್ಲಿ. ಫೋನು ಕೆಟ್ಟಿದೆ, ಸ್ಟೋರೇಜ್ ತುಂಬಿತೆಂದು ಅಳಿಸಲಾಗಿದೆ, ಅಥವಾ ಅದನ್ನು ತೆಗೆದವರೇ ಈಗಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅದರೊಳಗಿನ ಫೋಟೊಗಳ ಸಮೇತ ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಸತ್ತವರ ಖಾತೆಯನ್ನು ಎರಡು ವರ್ಷಕ್ಕೊಮ್ಮೆ ತೆರೆಯುವವರು ಎಷ್ಟು ಮನೆಗಳಲ್ಲಿದ್ದಾರೆ?

ಇದಕ್ಕೆ ಮೊದಲು ಇನ್ನೊಂದು ಕಾಲವಿತ್ತು. ಅದನ್ನು ನೆನಪಿಸುವುದು ಹಳಹಳಿಕೆಗಾಗಿ ಅಲ್ಲ, ಕನ್ನಡದವರಿಗೆ ಈ ಕೆಲಸ ಗೊತ್ತಿತ್ತು ಎಂದು ತೋರಿಸುವುದಕ್ಕೆ. ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರ ಡಿಸೆಂಬರಿನಲ್ಲಿ ‘ವಿಶ್ವಕನ್ನಡ’ ಜಾಲತಾಣ ತೆರೆದರು. ಅದನ್ನೇ ಕನ್ನಡದ ಮೊದಲ ಜಾಲತಾಣ ಎನ್ನುತ್ತಾರೆ. ಆಗ ಯಾವ ಇಲಾಖೆಯ ಆದೇಶವೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಒಂದು ಸಾಹಸವಾಗಿತ್ತು. ಶೇಖರ್‌ಪೂರ್ಣ ‘ಕನ್ನಡಸಾಹಿತ್ಯ ಡಾಟ್ ಕಾಂ’ ಕಟ್ಟಿದರು. ಹರಿಪ್ರಸಾದ್ ನಾಡಿಗ್ 2005ರಲ್ಲಿ ‘ಸಂಪದ’ ಆರಂಭಿಸಿದರು. ಅಲ್ಲಿ ಬರೆದವರಲ್ಲಿ ಎಷ್ಟೋ ಜನರಿಗೆ ಅದೇ ಮೊದಲ ಬರಹ. ಅಬ್ದುಲ್ ರಶೀದರ ‘ಮೈಸೂರು ಪೋಸ್ಟ್’, ಆಮೇಲೆ ‘ಕೆಂಡಸಂಪಿಗೆ’, ಜಿ.ಎನ್. ಮೋಹನರ ‘ಅವಧಿ’, ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’. ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನ 2012ರಲ್ಲಿ ಅಂಗಡಿಯ ಬಾಗಿಲು ಹಾಕಿದರೂ ತಮ್ಮ ಜಾಲತಾಣವನ್ನು ಮುಚ್ಚಲಿಲ್ಲ. ಮೈಸೂರಿನಲ್ಲಿದ್ದ ತಮ್ಮ ತಂದೆ, ವಿಜ್ಞಾನ ಲೇಖಕ ಜಿ.ಟಿ. ನಾರಾಯಣರಾಯರ ಬರಹಗಳನ್ನೂ ಅಲ್ಲಿ ಓದುಗರಿಗೆ ಇಟ್ಟರು.

ಹೆಸರಾದವು ಇವು. ಇವುಗಳ ಸುತ್ತ ಹೆಸರಾಗದ ಸಾವಿರಾರು ಬ್ಲಾಗುಗಳಿದ್ದವು. ಒಬ್ಬ ಮೇಷ್ಟ್ರು ತಮ್ಮ ಶಾಲೆಯ ಮಕ್ಕಳ ಪದ್ಯ ಹಾಕುತ್ತಿದ್ದರು. ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಮಂಡ್ಯದ ಹುಡುಗ ಅಜ್ಜಿಯ ಒಗಟುಗಳನ್ನು ಬರೆದಿಡುತ್ತಿದ್ದ. ಹಕ್ಕಿ ನೋಡುವವರು, ನಾಣ್ಯ ಕೂಡಿಡುವವರು, ಹಳೆಯ ಸಿನಿಮಾ ಹಾಡಿನ ಹುಚ್ಚಿನವರು, ಮನೆಮದ್ದಿನವರು. ‘ನಾನೊಂದು ಜಾಲತಾಣ ಮಾಡಿದ್ದೇನೆ, ನೋಡಿ’ ಎಂದು ಒಬ್ಬರಿಗೊಬ್ಬರು ವಿಳಾಸ ಕಳಿಸುವುದರಲ್ಲಿ ಒಂದು ಸಂಕೋಚವೂ ಇತ್ತು, ಖುಷಿಯೂ ಇತ್ತು. ಒಬ್ಬರ ಪುಟದ ಬದಿಯಲ್ಲಿ ಇನ್ನೊಬ್ಬರ ವಿಳಾಸಗಳ ಪಟ್ಟಿ. ಒಂದರಿಂದ ಹೊರಟು ಹತ್ತು ಮನೆ ತಿರುಗಿ ಬರಬಹುದಿತ್ತು. ಅಲ್ಲಿ ಬಂದದ್ದರಲ್ಲಿ ಬೆಳದಿಂಗಳು, ವಿರಹ, ಒಂಟಿ ಮರದ ಪದ್ಯಗಳ ಪಾಲು ದೊಡ್ಡದಿತ್ತು ಎನ್ನುವುದನ್ನೂ ಒಪ್ಪಿಕೊಳ್ಳೋಣ. ಆದರೆ ಆ ಪುಟಗಳಿಗೆ ಬಾಗಿಲಿರಲಿಲ್ಲ. ಖಾತೆ ತೆರೆಯದೆ, ಫೋನ್ ನಂಬರು ಕೊಡದೆ, ಯಾರ ಸ್ನೇಹವನ್ನೂ ಕೋರದೆ ಯಾರು ಬೇಕಾದರೂ ಓದಬಹುದಿತ್ತು. ಹತ್ತು ವರ್ಷ ಬಿಟ್ಟು ಬಂದವನಿಗೂ ಅದೇ ವಿಳಾಸದಲ್ಲಿ ಅದೇ ಬರಹ ಸಿಗಬೇಕು ಎಂಬ ನಂಬಿಕೆಯ ಮೇಲೆ ಅವು ನಿಂತಿದ್ದವು.

ಆ ನಂಬಿಕೆ ಮುರಿದದ್ದು ಒಂದೇ ದಿನದಲ್ಲಲ್ಲ. ಮೊದಲ ಪೆಟ್ಟು ಅಕ್ಷರದ್ದು. ಶ್ರೀಲಿಪಿ, ಬರಹ, ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿ ಕೂರಿಸಿದ ಕನ್ನಡವು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಆಗಿತ್ತು. ಮೇಲೆ ಕನ್ನಡದ ಆಕಾರ ಹೊದಿಸಲಾಗಿತ್ತು, ಅಷ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ಜನಸಾಮಾನ್ಯರ ಕಂಪ್ಯೂಟರಿಗೆ ಬಂದದ್ದು 2001ರ ನಂತರ. ನಮ್ಮ ಕಚೇರಿಗಳಿಗೆ, ಡಿಟಿಪಿ ಅಂಗಡಿಗಳಿಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಆ ನಡುವಿನ ಕಾಲದ ಕನ್ನಡವನ್ನು ಪರಿವರ್ತಿಸಿ ಉಳಿಸಿಕೊಂಡವರು ಕೆಲವರೇ. ಉಳಿದದ್ದು ಇದ್ದೂ ಇಲ್ಲದಂತಾಯಿತು.

ಎರಡನೆಯ ಪೆಟ್ಟು ಕಂಪನಿಗಳದು. ಬಿಟ್ಟಿ ಜಾಗ ಕೊಟ್ಟವರು ಬೇಡವೆನಿಸಿದ ದಿನ ಕಿತ್ತುಕೊಂಡರು. ಯಾಹೂ ತನ್ನ ಜಿಯೋಸಿಟೀಸ್ ತಾಣವನ್ನು 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಹೋಯಿತು. ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ. ದೂರದ ಊರುಗಳಲ್ಲಿದ್ದ ಕನ್ನಡ ಕುಟುಂಬಗಳು ಹಬ್ಬದ ಅಡುಗೆಯಿಂದ ಹಿಡಿದು ವ್ಯಾಕರಣದವರೆಗೆ ವರ್ಷಗಟ್ಟಲೆ ಜಗಳವಾಡಿದ ಪತ್ರಗಳೆಲ್ಲ ಆ ಗ್ರೂಪುಗಳ ಜೊತೆ ಹೋದವು. ಹತ್ತಾರು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ನಿಂತಾಗ ಓದುಗರ ಕಾಲುದಾರಿಯೇ ಮುಚ್ಚಿಹೋಯಿತು. ಅಷ್ಟರಲ್ಲಿ ಫೇಸ್‌ಬುಕ್ ಬಂದಿತ್ತು. ಬ್ಲಾಗಿಗೆ ಬರೆದರೆ ವಾರಕ್ಕೆ ನಾಲ್ಕು ಜನ ಓದುತ್ತಿದ್ದ ಕಡೆ, ಅಲ್ಲಿ ಹತ್ತು ನಿಮಿಷಕ್ಕೆ ನಲವತ್ತು ಲೈಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಬರೆಯುವ ಕೈ ವಿಡಿಯೊ ತೆಗೆಯುವ ಕೈಯಾಯಿತು. ಯಾರೂ ಬಲವಂತ ಮಾಡಲಿಲ್ಲ. ನಾವೇ ಗಂಟುಮೂಟೆ ಕಟ್ಟಿಕೊಂಡು ಬಾಡಿಗೆ ಕರಾರೂ ಇಲ್ಲದ ಜಾಗಕ್ಕೆ ಹೋದೆವು.

ವಿಡಿಯೊ ಕೀಳು, ಬರಹ ಮೇಲು ಎಂಬ ವಾದ ನಮ್ಮದಲ್ಲ. ಈ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಗಳನ್ನು, ಕಂಸಾಳೆಯವರ ಮಾದೇಶ್ವರನ ಕಥೆಯನ್ನು ಇವತ್ತು ಊರೂರಿನ ಹುಡುಗರು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಹಿಂದೆ ವಿಶ್ವವಿದ್ಯಾಲಯದ ಸಂಶೋಧಕರು ಟೇಪ್ ರೆಕಾರ್ಡರ್ ಹೊತ್ತು ತಿರುಗಿ ಸಂಗ್ರಹಿಸಿದ್ದಕ್ಕಿಂತ ಹೆಚ್ಚಿನ ಸಾಮಗ್ರಿ ಅಲ್ಲಿ ಬಿದ್ದಿದೆ. ಆದರೆ ಅದು ಯಾರ ಹಾಡು, ಯಾವ ಊರಿನ ಮೇಳ, ಯಾವ ವರ್ಷ, ಕಥೆಯ ಯಾವ ಭಾಗ ಎಂದು ಬರೆದಿಟ್ಟವರು ವಿರಳ. ಹಿನ್ನೆಲೆಯಲ್ಲಿ ಎಲ್ಲೋ ಮೈಕಿನಲ್ಲಿ ಸಿನಿಮಾ ಹಾಡು ಕೇಳಿಸಿತೆಂದು ಕಂಪನಿಯವರು ದೂರು ಕೊಟ್ಟರೆ ಹಕ್ಕುಸ್ವಾಮ್ಯದ ಒಂದು ಎಚ್ಚರಿಕೆ ಬೀಳುತ್ತದೆ. ಅಂಥ ಮೂರು ಎಚ್ಚರಿಕೆ ಕೂಡಿದರೆ ಆ ಚಾನೆಲ್ಲೇ ರದ್ದು, ಅದರಲ್ಲಿದ್ದ ಎಲ್ಲ ವಿಡಿಯೊಗಳೂ ರದ್ದು. ನಿಯಮ ಬರೆದವರಿಗೆ ಕಂಸಾಳೆ ಗೊತ್ತಿಲ್ಲ, ಮೇಲ್ಮನವಿ ಬರೆಯಬೇಕಾದ ಹುಡುಗನಿಗೆ ಅವರ ಇಂಗ್ಲಿಷ್ ಗೊತ್ತಿಲ್ಲ.

ಮೂರನೆಯ ಪೆಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅದು ಯಾರ ತಪ್ಪೂ ಅಲ್ಲ. ಜಾಲತಾಣ ಮಾಡಿದವರಿಗೆ ವಯಸ್ಸಾಗುತ್ತದೆ. ಕೆಲಸ ಬದಲಾಗುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ಕಾಯಿಲೆ ಬರುತ್ತದೆ. ಡೊಮೇನ್ ಹೆಸರಿಗೆ ವರ್ಷಕ್ಕೆ ಕಟ್ಟಬೇಕಾದದ್ದು ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಸರ್ವರಿನ ಬಾಡಿಗೆ ಬೇರೆ. ಕಟ್ಟಲು ಆಗದ್ದಕ್ಕಿಂತ ಮರೆತು ಹೋದದ್ದೇ ಹೆಚ್ಚು. ನೆನಪಿಸುವ ಇಮೇಲ್ ಬರುವುದು ಯಾರೂ ತೆರೆಯದ ಹಳೆಯ ಖಾತೆಗೆ. ಅವಧಿ ಮುಗಿದ ಹೆಸರನ್ನು ಕಾದು ಕೂತವರು ಕೊಂಡುಕೊಳ್ಳುತ್ತಾರೆ. ವಚನಗಳೋ ಹಳ್ಳಿಯ ಇತಿಹಾಸವೋ ಇದ್ದ ವಿಳಾಸದಲ್ಲಿ ಇಸ್ಪೀಟಿನ, ಕ್ರಿಕೆಟ್ ಬೆಟ್ಟಿಂಗಿನ ಜಾಹೀರಾತು ಕುಣಿಯುತ್ತದೆ. ಹಳೆಯ ಪುಸ್ತಕದ ಅಡಿಟಿಪ್ಪಣಿ ನೋಡಿ ಆ ವಿಳಾಸಕ್ಕೆ ಹೋದ ವಿದ್ಯಾರ್ಥಿ ತಲೆ ತಗ್ಗಿಸಿಕೊಂಡು ಕಿಟಕಿ ಮುಚ್ಚಬೇಕು. ನಾಲೆ ತೋಡಿಸಿದವನ ಹೆಸರು ಕಲ್ಲಿನಲ್ಲಿ ಇರುತ್ತದೆ, ವರ್ಷ ವರ್ಷ ಹೂಳು ತೆಗೆದು ತೂಬು ಕಾಯುವ ನೀರುಗಂಟಿಯ ಹೆಸರು ಎಲ್ಲೂ ಇರುವುದಿಲ್ಲ. ನೀರು ಗದ್ದೆಗೆ ಬರುವುದು ಮಾತ್ರ ಅವನಿಂದ. ಜಾಲತಾಣದ ಕೆಲಸದಲ್ಲೂ ಕಟ್ಟಿದವರನ್ನು ಸನ್ಮಾನಿಸಿ ಶಾಲು ಹೊದಿಸಿದ್ದೇವೆ, ಕಾಯುವವರನ್ನು ನೇಮಿಸಿಲ್ಲ.

ಈ ಅಳಿವಿನ ಪ್ರಮಾಣ ಎಷ್ಟೆಂಬುದಕ್ಕೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಅಳತೆ ಕೊಟ್ಟಿತು: 2013ರಲ್ಲಿ ಇದ್ದ ಜಾಲಪುಟಗಳಲ್ಲಿ ನೂರಕ್ಕೆ 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು. ಅದು ಒಟ್ಟು ಜಗತ್ತಿನ ಮಾತು, ದುಡ್ಡಿರುವ ಸಂಸ್ಥೆಗಳ ಪುಟಗಳೂ ಸೇರಿ. ಸ್ವಂತ ಜೇಬಿನಿಂದ ನಡೆಯುವ ಕನ್ನಡದ ಪುಟಗಳಿಗೆ ಅಷ್ಟು ಆಯುಷ್ಯವಿದ್ದೀತು ಎಂದು ನಂಬುವುದಕ್ಕೆ ಕಾರಣ ಕಾಣುವುದಿಲ್ಲ. ಇನ್ನೊಂದು ಹೋಲಿಕೆ ನಮ್ಮ ನೆಲದ್ದೇ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಹೊಲದ ಬದುವಿನ ಕಲ್ಲು, ಕೆರೆ ಏರಿಯ ವೀರಗಲ್ಲುಗಳನ್ನೂ ಬಿಡದೆ ನಂಬರು ಹಾಕಿ ಓದಿಟ್ಟಿದ್ದಾರೆ. ಆ ಸಂಪುಟವನ್ನು ಇವತ್ತು ಹುಲ್ಲಹಳ್ಳಿಯ ಜಗಲಿಯಲ್ಲಿ ಕೂತು ಫೋನಿನಲ್ಲೇ ಓದಬಹುದು. ಅದೇ ಕಲ್ಲಿನ ಪಕ್ಕ ನಿಂತು ಒಬ್ಬ ಹುಡುಗ 2008ರಲ್ಲಿ ಬರೆದ ಬ್ಲಾಗು ಸಿಗಬಹುದು, ಸಿಗದೆಯೂ ಇರಬಹುದು. 130 ವರ್ಷ ಹಳೆಯದು ಭದ್ರ, ಮೊನ್ನೆಯದು ಅದೃಷ್ಟದ ಮೇಲೆ.

ಒಬ್ಬರ ಹವ್ಯಾಸ ಹಾಳಾದರೆ ಊರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಅವರಿಗೆ ಮೈಸೂರಿನದೇ ಉತ್ತರವಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಪ್ರಸಾರ ಶುರು ಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು. ಕೇಳಲು ರೇಡಿಯೊ ಇದ್ದ ಮನೆಗಳು ಆಗ ಎಷ್ಟಿದ್ದಾವು? ಮೇಷ್ಟರ ಹುಚ್ಚು ಎಂದು ನಕ್ಕವರೂ ಇದ್ದಿರಬೇಕು. ವರ್ಷಗಳು ಕಳೆದಂತೆ ಖರ್ಚು ಅವರ ಕೈಮೀರಿತು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ನಡೆಸಿತು. ಇಡೀ ದೇಶದ ರೇಡಿಯೊಗೆ ಆಮೇಲೆ ಅದೇ ಹೆಸರು ಬಂತು. ಒಬ್ಬ ವ್ಯಕ್ತಿಯ ಕೈ ಸೋತ ಹೊತ್ತಿಗೆ ಹಿಡಿಯಲು ಇನ್ನೊಂದು ಕೈ ಇತ್ತು ಎಂಬುದೇ ಈ ಪ್ರಸಂಗದಲ್ಲಿ ನಮಗೆ ಮುಖ್ಯ.

ಅದಕ್ಕೂ ಹಿಂದಿನ ಇನ್ನೊಂದು ಪ್ರಸಂಗ ಮೈಸೂರಿನ ಓರಿಯಂಟಲ್ ಲೈಬ್ರರಿಯದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯ ಕಟ್ಟನ್ನು ತಂದು ಅಲ್ಲಿ ಕೊಟ್ಟು ಹೋದರು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು, ಜಗತ್ತು ಬೆರಗಾಯಿತು. ಶಾಸ್ತ್ರಿಗಳ ಪಾಂಡಿತ್ಯಕ್ಕೆ ನಮಸ್ಕಾರ. ಆದರೆ ಆ ಪಂಡಿತರು ಕಟ್ಟು ಹಿಡಿದು ಬಂದಾಗ ಅದನ್ನು ತೆಗೆದುಕೊಳ್ಳಲು ಒಂದು ಮೇಜು, ಮೇಜಿನ ಹಿಂದೆ ಒಬ್ಬ ಗುಮಾಸ್ತ, ನಂಬರು ಬರೆಯಲು ಒಂದು ಪುಸ್ತಕ ಇತ್ತು. ಇವತ್ತು ಇಪ್ಪತ್ತು ವರ್ಷ ಒಂದು ಕನ್ನಡ ಜಾಲತಾಣ ನಡೆಸಿ ಸುಸ್ತಾದವರು ಅದನ್ನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೊರಡಲಿ. ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನವಿದೆ, ವಿಶ್ವವಿದ್ಯಾಲಯವಿದೆ. ಬೆಂಗಳೂರಿನಲ್ಲಿ ಅಕಾಡೆಮಿ, ಪ್ರಾಧಿಕಾರ, ಇಲಾಖೆ, ಪರಿಷತ್ತು ಎಲ್ಲವೂ ಇವೆ. ‘ಕೊಡಿ, ಇನ್ನು ಇದು ನಮ್ಮ ಹೊಣೆ’ ಎಂದು ಕೈ ಚಾಚುವ ಮೇಜು ಇವುಗಳಲ್ಲಿ ಎಲ್ಲಿದೆ? ಈ ಸಂಪಾದಕೀಯ ಕೇಳುವುದು ಆ ಒಂದು ಮೇಜನ್ನು.

ಕಾನೂನೂ ನಮ್ಮ ನೆರವಿಗಿಲ್ಲ. ಪ್ರಕಟವಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಪತ್ರಿಕೆಗಳನ್ನು 1956ರಲ್ಲಿ ಸೇರಿಸಿದರು. ಜಾಲತಾಣದ ಮಾತು ಅದರಲ್ಲಿ ಇಲ್ಲ. ಬ್ರಿಟನ್ನಿನ ಗ್ರಂಥಾಲಯಗಳು ತಮ್ಮ ದೇಶದ ಜಾಲತಾಣಗಳ ಪ್ರತಿ ತೆಗೆದಿಡುವ ಅಧಿಕಾರವನ್ನು 2013ರಲ್ಲೇ ಪಡೆದುಕೊಂಡವು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಗ್ರಂಥಾಲಯಗಳು ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಮಾಡಿಕೊಳ್ಳಲು ಬಿಟ್ಟಿತು. ಆದರೆ ಷರತ್ತು ನೋಡಿ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಕಾಗದದ ಮೇಲೆ ಎಂದೂ ಬಾರದ, ಜಾಲದಲ್ಲೇ ಹುಟ್ಟಿದ ಬರಹ ಈ ಬಾಗಿಲಿನಿಂದ ಒಳಗೆ ಹೋಗುವಂತಿಲ್ಲ. ಇತ್ತ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ವಾರಸುದಾರರದು. ಅವರಿಗೆ ಬ್ಲಾಗು ಇದ್ದದ್ದೇ ಗೊತ್ತಿರುವುದಿಲ್ಲ. ಗೊತ್ತಿದ್ದವರಿಗೆ ಹಕ್ಕಿಲ್ಲ, ಹಕ್ಕಿದ್ದವರಿಗೆ ಗೊತ್ತಿಲ್ಲ. 60 ವರ್ಷ ಕಾದು ಕೂರುವ ಸರ್ವರ್ ಯಾವುದೂ ಇಲ್ಲ.

ದಾರಿ ಇಲ್ಲವೆಂದಲ್ಲ. ಕಾದಂಬರಿಕಾರ ನಿರಂಜನರ ಪುಸ್ತಕಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಹೆಸರು ಹೇಳಿ ಯಾರು ಬೇಕಾದರೂ ಪ್ರತಿ ಮಾಡಬಹುದು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಹಾಗೆಯೇ ಬಿಡುಗಡೆ ಮಾಡುವ ಒಳ್ಳೆಯ ಬುದ್ಧಿ ತೋರಿಸಿತು. ಸ್ವಯಂಸೇವಕರು ಅದನ್ನು ವಿಕಿಸೋರ್ಸಿಗೆ ಏರಿಸಿದರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು, ಎಲ್ಲವೂ ಮುಕ್ತ. ಅದಕ್ಕೆ ತಾಂತ್ರಿಕ ಕೈ ಕೊಟ್ಟವರು ಕೈಲಾಶ್ ನಾಧ್. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕಬಹುದು. ಅವರೇ ಈಗ ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವಿಗೆ ಹಾಕುವ ಕೆಲಸದಲ್ಲಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರದ ಯೋಜನೆಯಾಗಿ ಹುಟ್ಟಿದವಲ್ಲ, ಕೆಲವರ ಹಟದಿಂದ ಬಂದವು. ಹಟ ಮಾಡಿದವರ ಆರೋಗ್ಯ, ಬಿಡುವು, ಸಂಬಳದ ಮೇಲೆ ಒಂದು ಭಾಷೆಯ ನೆನಪು ನಿಂತಿದೆ ಎಂಬುದು ಹೆಮ್ಮೆಪಡುವ ಸ್ಥಿತಿಯಲ್ಲ.

ರೈತರ ಕಡೆಯಿಂದಲೂ ಒಂದು ಮಾದರಿ ಇದೆ. ಕಾಸರಗೋಡಿನ ಗಡಿಯ ಪಡ್ರೆ ಗ್ರಾಮದ ಶ್ರೀಪಡ್ರೆ ಸಂಪಾದಕತ್ವದಲ್ಲಿ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕನ ಕೈಗೇ ಲೇಖನಿ ಕೊಟ್ಟಿತು. ಬೆಳೆದವನೇ ಬರೆಯಬೇಕು, ಸೋತದ್ದನ್ನೂ ಬರೆಯಬೇಕು ಎಂಬ ಹಟ ಅವರದು. ಅಂಥ ಬರಹ ನಮ್ಮ ಕಡೆ ಎಷ್ಟು ಬೇಕಿದೆ ಎಂಬುದಕ್ಕೆ ನಂಜನಗೂಡಿನ ರಸಬಾಳೆಯನ್ನೇ ನೋಡಿ: ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಸೊರಗು ರೋಗವೂ ಅಂಟಿಕೊಂಡಿದೆ. ರೋಗದ ನಡುವೆಯೂ ಗಿಡ ಉಳಿಸಿಕೊಂಡವರ ಅನುಭವ ಎಲ್ಲಿದೆ? ಯಾರದೋ ಎರಡು ನಿಮಿಷದ ವಿಡಿಯೊದಲ್ಲಿ, ಯಾವುದೋ ಗ್ರೂಪಿನ ಧ್ವನಿ ಸಂದೇಶದಲ್ಲಿ. ಮುಂದಿನ ವರ್ಷ ಅದೇ ರೋಗ ಬಂದವನು ಅದನ್ನು ಹುಡುಕಿ ತೆಗೆಯಲಾರ.

ಯಂತ್ರಗಳು ಕನ್ನಡ ಕಲಿಯುತ್ತಿರುವ ಹೊತ್ತು ಇದು ಎಂಬುದನ್ನೂ ಸೇರಿಸಿ ಯೋಚಿಸಬೇಕು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ಸುಮಾರು 4.37 ಕೋಟಿ. ಜಗತ್ತಿನ ಜಾಲತಾಣಗಳ ಭಾಷೆ ಎಣಿಸುವ ಸಮೀಕ್ಷೆಗಳಲ್ಲಿ ಕನ್ನಡದ ಪಾಲು ನೂರಕ್ಕೆ 0.1ನ್ನೂ ಮುಟ್ಟುವುದಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರ ಓದುವುದು ತೆರೆದಿರುವ ಪುಟಗಳನ್ನು. ಗ್ರೂಪಿನೊಳಗೆ ಬೀಗ ಹಾಕಿಟ್ಟದ್ದು ಅದಕ್ಕೆ ಕಾಣುವುದಿಲ್ಲ, ಕಾಣಲೂಬಾರದು. ತೆರೆದ ಕಡೆ ಉಳಿದಿರುವುದು ಸುದ್ದಿ, ಜಾತಕ, ಸಿನಿಮಾ ಗಾಸಿಪ್ಪು, ಇಂಗ್ಲಿಷಿನಿಂದ ಎಳೆದು ತಂದ ಅನುವಾದ. ಅದನ್ನು ತಿಂದು ಬೆಳೆದ ಯಂತ್ರ ನಮ್ಮ ಮೊಮ್ಮಕ್ಕಳಿಗೆ ಕನ್ನಡ ಹೇಳಿಕೊಡುತ್ತದೆ. ಆಗ ‘ಒಸಿ ತಡ್ಕೊಳಿ’ ಎನ್ನುವ ಈ ಸೀಮೆಯ ಮಾತು ಅದಕ್ಕೆ ಎಲ್ಲಿಂದ ಬರಬೇಕು?

ಎಲ್ಲವನ್ನೂ ಉಳಿಸಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಡ. ತಾವು ಇಪ್ಪತ್ತರ ಹರೆಯದಲ್ಲಿ ಬರೆದದ್ದನ್ನು ನಲವತ್ತರಲ್ಲಿ ಅಳಿಸಿಹಾಕುವ ಹಕ್ಕು ಬರೆದವರಿಗೆ ಇರಬೇಕು. ಊರಿನ ಜಗಳ, ಜಾತಿಯ ಬೈಗುಳ, ಯಾರದೋ ಮನೆಯ ಗುಟ್ಟು ಇವೆಲ್ಲ ಕಪಾಟಿನಲ್ಲಿ ಇಡಬೇಕಾದವಲ್ಲ. ಆರಿಸುವುದು ಗ್ರಂಥಪಾಲಕರ ಕಸುಬೇ. ಪುಸ್ತಕಗಳ ವಿಷಯದಲ್ಲಿ ಅವರು ಅದನ್ನು ದಿನವೂ ಮಾಡುತ್ತಾರೆ. ಈಗ ಆಗುತ್ತಿರುವುದು ಆರಿಸುವಿಕೆಯಲ್ಲ. ಕ್ರೆಡಿಟ್ ಕಾರ್ಡಿನ ಅವಧಿ ಮುಗಿದದ್ದರಿಂದ ಒಂದು ಒಗಟಿನ ಸಂಗ್ರಹ ಅಳಿಯುತ್ತದೆ, ದುಡ್ಡು ಕಟ್ಟಿದ್ದರಿಂದ ಬೆಟ್ಟಿಂಗ್ ತಾಣ ಉಳಿಯುತ್ತದೆ.

ಹಣವಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಈ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿದರೆ ನಾವೆಲ್ಲ ಕಟ್ಟಿದ್ದೇವೆ ಎಂದು ಗೊತ್ತಾಗುತ್ತದೆ. ವಸೂಲಾದದ್ದು ಗ್ರಂಥಾಲಯಕ್ಕೆ ಪೂರ್ತಿ ತಲುಪುವುದಿಲ್ಲ ಎಂಬ ದೂರು ಹಳೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗಾಯಿಸಿ, ಆಮೇಲೆ ‘ಅರಿವು ಕೇಂದ್ರ’ ಎಂದು ಹೆಸರು ಬದಲಿಸಿ, ಗೋಡೆಗೆ ಬಣ್ಣ ಹೊಡೆಸಿ, ಕಂಪ್ಯೂಟರು ಕೊಡಿಸುತ್ತಿದ್ದಾರೆ. ಒಳ್ಳೆಯದು. ಆ ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಹೊರಗಿನದ್ದನ್ನು ನೋಡುವುದಷ್ಟೇ ಅಲ್ಲ, ತನ್ನ ಊರಿನದನ್ನು ಬರೆದು ಹಾಕಲೂ ಬೇಕಲ್ಲವೇ? ಪ್ರತಿ ಅರಿವು ಕೇಂದ್ರಕ್ಕೆ ಒಂದು ಸ್ವಂತ ವಿಳಾಸ. ನಾಲೆಗೆ ನೀರು ಬಿಟ್ಟ ದಿನ, ಪ್ರವಾಹದ ಗುರುತು, ಮೇಳದವರ ಹೆಸರು, ಸತ್ತ ಮೇಷ್ಟ್ರ ಬರಹ ಸೇರಿಸಲು ಒಂದು ಸರಳ ಪುಟ. ದೊಡ್ಡ ಆ್ಯಪು, ಟೆಂಡರು, ಉದ್ಘಾಟನೆಯ ರಿಬ್ಬನ್ನು ಇದಕ್ಕೆ ಬೇಡ. ಟೆಂಡರ್ ಕರೆದರಂತೂ ಇಂಗ್ಲಿಷಿನಲ್ಲೇ ಮೆನು ಇರುವ, ಗುತ್ತಿಗೆ ಮುಗಿದ ದಿನವೇ ಕಣ್ಣು ಮುಚ್ಚುವ ಇನ್ನೊಂದು ತಾಣ ಬರುತ್ತದೆ. ನವೆಂಬರಿನಲ್ಲಿ ಬಿಡುಗಡೆಯಾಗಿ ಮುಂದಿನ ನವೆಂಬರಿಗೆ ಇಲ್ಲವಾದ ಅಂಥವನ್ನು ಓದುಗರು ಬೇಕಾದಷ್ಟು ನೋಡಿದ್ದಾರೆ. ಇಲಾಖೆಗಳ ಜಾಲತಾಣ ಹೊಸ ವಿನ್ಯಾಸಕ್ಕೆ ಬದಲಾದಾಗಲೆಲ್ಲ ಹಳೆಯ ಸುತ್ತೋಲೆಯ ಕೊಂಡಿಗಳು ಸಾಯುತ್ತವೆ. ಅದನ್ನು ನಿಲ್ಲಿಸುವುದಕ್ಕೆ ಒಂದು ಆದೇಶ ಸಾಕು.

ಜಾಲತಾಣಗಳನ್ನು ಪಡೆದುಕೊಳ್ಳುವ ಆ ಮೇಜು ಎಲ್ಲಿರಬೇಕು ಎಂದರೆ ನಮ್ಮ ಉತ್ತರ: ಮೈಸೂರು. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ಇಲ್ಲಿ 1969ರಿಂದ ಇದೆ. ‘ಭಾರತವಾಣಿ’ಯನ್ನು 2016ರಲ್ಲಿ ಇಲ್ಲಿಂದಲೇ ನಡೆಸಲು ಆರಂಭಿಸಿ ಹತ್ತಾರು ಭಾಷೆಗಳ ನಿಘಂಟುಗಳನ್ನು ಜಾಲಕ್ಕೆ ತಂದದ್ದೂ ಅದೇ. ವಿಶ್ವಕೋಶ ಬಿಟ್ಟುಕೊಟ್ಟ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಇವೆರಡು ಸೇರಿ, ನಡೆಸಲಾಗದ ಕನ್ನಡ ಜಾಲತಾಣಗಳನ್ನು ಬರೆದವರ ಒಪ್ಪಿಗೆ ಪತ್ರದೊಡನೆ ಪಡೆದು, ಹಳೆಯ ಫಾಂಟಿನದ್ದನ್ನು ಯೂನಿಕೋಡಿಗೆ ತಂದು, ವಿಳಾಸ ಬದಲಾಗದಂತೆ ಇಟ್ಟುಕೊಳ್ಳಲಿ. ರಾಜ್ಯ ಸರ್ಕಾರ ತನ್ನ ಗ್ರಂಥಾಲಯ ಕಾಯ್ದೆಗೆ ಒಂದು ಕಲಮು ಸೇರಿಸಿ ಇದಕ್ಕೆ ಕರದ ಹಣದಲ್ಲಿ ಪಾಲು ಕೊಡಲಿ. 1954ರ ಕಾಯ್ದೆಯ ತಿದ್ದುಪಡಿ ದೆಹಲಿಯದು. ಅದನ್ನು ಕೇಳಬೇಕಾದವರು ನಾವು ಆರಿಸಿ ಕಳಿಸಿದ ಸಂಸದರು. ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ನಂಜನಗೂಡು, ನರಸೀಪುರ ಎರಡೂ ಸೇರುತ್ತವೆ.

ಇದೆಲ್ಲ ಆಗುವವರೆಗೆ ಕಾಯಬೇಕಿಲ್ಲದ ಕೆಲವು ಕೆಲಸಗಳಿವೆ. ನಿಮಗೆ ಇಷ್ಟವಾದ ಕನ್ನಡ ಪುಟದ ವಿಳಾಸವನ್ನು ಇಂಟರ್‌ನೆಟ್ ಆರ್ಕೈವಿನ ‘ವೇಬ್ಯಾಕ್ ಮಷೀನ್’ ಪುಟದಲ್ಲಿ ಹಾಕಿ ಉಳಿಸುವ ಗುಂಡಿ ಒತ್ತಿದರೆ ಅದರ ಅಂದಿನ ಪ್ರತಿ ಅಲ್ಲಿ ಸೇರುತ್ತದೆ; ದುಡ್ಡಿಲ್ಲ, ಖಾತೆಯೂ ಬೇಡ. ಜಾಲತಾಣ ನಡೆಸುವವರು ತಮ್ಮ ನಂತರ ಇದನ್ನು ಯಾರು ಬೇಕಾದರೂ ಪ್ರತಿ ಮಾಡಬಹುದೋ ಬೇಡವೋ ಎಂಬ ಒಂದು ಸಾಲನ್ನು ಮುಖಪುಟದಲ್ಲೇ ಬರೆದಿಡಲಿ. ಡೊಮೇನ್ ಯಾವ ತಿಂಗಳಲ್ಲಿ ನವೀಕರಿಸಬೇಕು, ಯಾವ ಕಂಪನಿಯಲ್ಲಿದೆ, ಪಾಸ್‌ವರ್ಡ್ ಏನು ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿ, ಕಾಗದದ ಮೇಲೆ ಬರೆದು, ಕರೆಂಟ್ ಬಿಲ್ಲು, ಕಂದಾಯದ ರಸೀದಿಗಳಿರುವ ಫೈಲಿನಲ್ಲೇ ಇಡಲಿ.